ಮೆಲ್ಕಿಯೋರನ ಓರೆ ಚಕ್ರ

ಹಿಂದಿನ ಎಡಚಕ್ರ ಅರ್ಧದವರೆಗೂ ಹಳ್ಳದ ಕೆಸರಲ್ಲಿ ಹೂತಿತ್ತು. ಆರು ಕುದುರೆಗಳೂ ಎಳೆದೆಳೆದು ಸುಸ್ತಾಗಿ ನಿಂತಿದ್ದವು. ಗಾಡಿಯ ಯಜಮಾನ ಡೀಬೋಲ್ಟ್ ಚಾವಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಚಕ್ರ ಮಾಡಿದ ಮೆಲ್ಕಿಯೋರನನ್ನು ನುಂಗುವಂತೆ ನೋಡಿದ.

ಸಮುದ್ರದಾಚೆಯಿಂದ ಹಡಗಿನಲ್ಲಿ ಕರೆತಂದ ಖರ್ಚಿನ ಋಣ ತೀರಿಸಲು ಮೆಲ್ಕಿಯೋರ್ ಆರು ವರ್ಷ ಒಬ್ಬ ಆಂಗ್ಲ ಬಡಗಿಯ ಆಳಾಗಿ ಸವೆದು, ಈ ವಸಂತದಲ್ಲಷ್ಟೇ ಬಿಡುಗಡೆಯಾಗಿದ್ದ. ಸ್ವಂತಕ್ಕೆ ಮಾಡಿದ ಮೊದಲ ಗಾಡಿ ಇದು. ತನ್ನ ತಂದೆಯ ರೀತಿಯಲ್ಲಿ ಚಕ್ರಗಳನ್ನು ತಟ್ಟೆಯ ಹಾಗೆ ಹೊರಕ್ಕೆ ತುಸು ಹೆಚ್ಚೇ ಬಾಗಿಸಿದ್ದ. ಲ್ಯಾಂಕಾಸ್ಟರಿನವರು ಅದನ್ನು ಕುಡುಕನ ಚಕ್ರ ಎಂದು ಆಡಿಕೊಂಡಿದ್ದರು. ಅದಕ್ಕೇ ಅವನು ಚಕ್ರ ತಾಳುವುದನ್ನು ಕಣ್ಣಾರೆ ನೋಡಲು ಫಿಲಡೆಲ್ಫಿಯಾ ತನಕ ಗಾಡಿಯ ಜೊತೆ ನಡೆದೇ ಹೊರಟಿದ್ದ.

ಆ ದಾರಿಯಲ್ಲೊಂದು ಕಟ್ಟುಪಾಡು. ಸಿಕ್ಕಿಬಿದ್ದ ಗಾಡಿಯನ್ನು ಬೇರೆಯವನ ಕುದುರೆ ಎಳೆದು ಕೊಟ್ಟರೆ, ಸಿಕ್ಕಿಬಿದ್ದವನು ತನ್ನ ಕುದುರೆಗಳ ಹೆಗಲ ಮೇಲಿನ ಗಂಟೆಗಳನ್ನೆಲ್ಲ ಬಿಚ್ಚಿ ಎಳೆದುಕೊಟ್ಟವನಿಗೆ ಒಪ್ಪಿಸಬೇಕು. ಗಂಟೆಯ ಸದ್ದಿಲ್ಲದೆ ಊರು ಹೊಕ್ಕವನು ತಲೆ ಎತ್ತಿ ತಿರುಗುವಂತಿಲ್ಲ. ಡೀಬೋಲ್ಟ್ ಒಮ್ಮೆಯೂ ಗಂಟೆ ಕಳೆದುಕೊಂಡವನಲ್ಲ. ಇವತ್ತು ಕಳೆದುಕೊಂಡರೆ ಮೆಲ್ಕಿಯೋರನ ಬಾಗಿಲಿಗೆ ಮತ್ತೊಬ್ಬ ಗಾಡಿಯವನು ಬರುವುದಿಲ್ಲ. ಅವನು ಮತ್ತೆ ಆ ಆಂಗ್ಲ ಬಡಗಿಯ ಕಾಲಿಗೇ ಬೀಳಬೇಕು.

ಹಿಂದೆಯೇ ಬಂದು ನಿಂತಿದ್ದ ಇನ್ನೊಂದು ಗಾಡಿಯ ಯೋಸ್ಟ್ ಆಗಲೇ ತನ್ನ ಕುದುರೆಗಳನ್ನು ಬಿಚ್ಚುತ್ತಿದ್ದ. “ಯಾಕೆ ಒದ್ದಾಡ್ತೀಯ ಡೀಬೋಲ್ಟ್? ಗಂಟೆ ಬಿಚ್ಚು ಮಾರಾಯ. ನನ್ನ ಕುದುರೆಗಳಿಗೂ ಒಂಚೂರು ಸಿಂಗಾರ ಆಗ್ಲಿ.”

ಮೆಲ್ಕಿಯೋರ್ ತೊಡೆಮಟ್ಟ ಕೆಸರಿಗಿಳಿದು ಬಗ್ಗಿ ಕೈಯಾಡಿಸಿದ. ಚಕ್ರದ ಮುಂದೆ ಬಂಡೆ. ನೇರ ಎಳೆದರೆ ಸಂಜೆಯಾದರೂ ಬಿಡದು. ಅಡ್ಡ ತಿರುಗಿಸಿ ಎಳೆದರೆ ಬಂದೀತು, ಆದರೆ ಹಿಟ್ಟಿನ ಪೀಪಾಯಿಗಳ ಭಾರವೆಲ್ಲ ಇದೊಂದೇ ಚಕ್ರದ ಮೇಲೆ ಪಕ್ಕದಿಂದ ಬೀಳುತ್ತದೆ. ಬುದ್ಧಿ ನೆಟ್ಟಗಿದ್ದವರು ಮಾಡುವ ಕೆಲಸವಲ್ಲ.

“ಎಡಕ್ಕೆ ತಿರುಗ್ಸಿ ಎಳೀರಿ ಅಣ್ಣ.”

“ಚಕ್ರ ಮುರೀತದೆ ಕಣೋ.”

“ಮುರಿಯಲ್ಲ. ಇಂಥದಕ್ಕೇ ಅಂತ ಬಾಗ್ಸಿರೋದು. ಮುರಿದ್ರೆ ಈ ಕೈಲಿ ಇನ್ನು ಉಳಿ ಮುಟ್ಟಲ್ಲ.”

ಡೀಬೋಲ್ಟ್ ಯೋಸ್ಟನ ಕಡೆ ನೋಡಿದ, ಉಗುಳಿದ, ಚಾವಟಿ ಬೀಸಿದ. ಗಾಡಿ ಎಡಕ್ಕೆ ವಾಲಿತು. ಚಕ್ರದ ಕಡ್ಡಿಗಳು ನರಳಿದವು. ಆದರೂ ಮೆಲ್ಕಿಯೋರ್ ಕೆಸರಿನಿಂದ ಕೈ ತೆಗೆಯಲಿಲ್ಲ. ಬಾಗಿದ ಚಕ್ರ ಭಾರವನ್ನು ಹೊತ್ತು ಬಂಡೆಯನ್ನು ಸುತ್ತಿ ಹೊರಳಿತು. ಗಾಡಿ ದಡ ಹತ್ತಿತು, ಗಂಟೆಗಳೆಲ್ಲ ಒಟ್ಟಿಗೆ ಮೊಳಗಿದವು. ಮೆಲ್ಕಿಯೋರ್ ಹಿಂದೆಯೇ ಓಡಿ ಕಡ್ಡಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದ. ಒಂದೂ ಸಡಿಲವಾಗಿರಲಿಲ್ಲ. ಅವನಿಗೆ ಹುಚ್ಚು ಸಂತೋಷವಾಯಿತು.

ಯೋಸ್ಟ್ ಹತ್ತಿರ ಬಂದು ಬಗ್ಗಿ, ಚಕ್ರದ ಬಾಗನ್ನು ಬೆರಳಿನಿಂದ ಸವರಿದ. “ನನ್ನ ಗಾಡಿಗೂ ನಾಕು ಬೇಕಾಗಿತ್ತು,” ಅಂದ.

ಡೀಬೋಲ್ಟ್ ಗಾಡಿಯ ಪಕ್ಕದಿಂದ ತಾನೊಬ್ಬನೇ ಕೂರುವ ಹಲಗೆಯನ್ನು ಹೊರಗೆಳೆದು ಮೆಲ್ಕಿಯೋರನಿಗೆ ಕಣ್ಣಲ್ಲೇ ತೋರಿಸಿದ. ಅವನು ಹತ್ತಿ ಕೂತ. ಕಾಲಿನ ಪಕ್ಕದಲ್ಲೇ ಅವನ ಚಕ್ರ ಕೆಸರು ಉದುರಿಸುತ್ತ ಉರುಳಿತು.