ಪರಾತದ ಅಳತೆಯ ಬ್ರೇಕು

ನನ್ನ ಗಂಡ ವಿಜಯಮಹಾಂತೇಶ ರಾಣೆಬೆನ್ನೂರಿನ ತನ್ನ ಅಂಗಡಿಯಲ್ಲಿ ಕುಳಿತು ಹತ್ತಿಬೀಜ ಮಾರಬೇಕಾದವನು. ಅದು ಬಿಟ್ಟು, ೨೦೦೬ರಲ್ಲಿ, ಹಳೆಯ ಅಂಬಾಸಿಡರ್ ಕಾರಿಗೆ ದುಪ್ಪಟ್ಟು ಶಕ್ತಿಯ ಎಂಜಿನ್ ಕೂಡಿಸಿದ. ಹಾರ್ನ್ ಬದಲಿಸಿದ, ಪುಣೆಯಿಂದ ಹೊಳೆಯುವ ಗಾಲಿ ತರಿಸಿದ. ಬ್ರೇಕ್ ಮಾತ್ರ ಹಳೆಯದೇ. ಓಡಿಸುವುದು ಗಂಡಸುತನ, ನಿಲ್ಲಿಸುವುದು ಹೇಡಿತನ ಎಂದು ಆ ಮಹಾಶಯನ ತಿಳಿವಳಿಕೆ.

ಗ್ಯಾರೇಜಿನ ಶಮಶೇರಸಾಬ ಎರಡು ಅಳತೆಯ ಡಿಸ್ಕ್ ಬ್ರೇಕ್ ತಂದು ನಮ್ಮ ಕಟ್ಟೆಯ ಮೇಲಿಟ್ಟ.

"ಸಣ್ಣದು ಈ ಗಾಲಿಯೊಳಗ ಬರೋಬ್ಬರಿ ಕುಂದರತೈತಿ, ಎಂಜಿನ್‌ಗೂ ಸಾಕಾಗತೈತಿ. ದೊಡ್ಡದು ಹಾಕಬೇಕಂದ್ರ ಗಾಲೀನೂ ದೊಡ್ಡವು ಬೇಕ್ರಿ ಸಾವ್ಕಾರ್ರ."

"ಸಣ್ಣದು ಯಾರಿಗೆ ಕಾಣತೈತೋ? ಈ ಗಾಲಿ ಅಂತೂ ನಾ ತಗ್ಯಾಂಗಿಲ್ಲ."

ಶಮಶೇರಸಾಬನೇನು ಕಡಿಮೆಯೇ? ಗಿರಾಕಿಯ ಮುಖ ನೋಡಿ ನಾಲಿಗೆ ತಿರುಗಿಸುವವನು. "ಹಂಗಾರ ಕಾಣೂ ಹಂಗಷ್ಟ ಮಾಡೋಣ್ರಿ" ಎಂದ. ನಾನು ಹಿಟ್ಟು ನಾದುವ ಪರಾತ ಅಡುಗೆಮನೆಯಿಂದ ಅಂಗಳಕ್ಕೆ ಹೋಯಿತು. ಅದನ್ನು ತಗಡಿನ ಮೇಲೆ ಬೋರಲು ಹಾಕಿ, ಸುತ್ತ ಗೆರೆ ಎಳೆದು, ಕತ್ತರಿಸಿ, ಕೆಂಪು ಬಣ್ಣ ಬಳಿದು ಗಾಲಿಯ ಹಿಂದೆ ಕೂಡಿಸಿದರು. ಒಳಗೆ ಅದೇ ಮುದಿ ಬ್ರೇಕು. ಮೇಲೆ ಥಳಕು, ಒಳಗೆ ಹುಳುಕು. ಅಂಗಡಿಗೆ ಬಂದ ಮಂದಿ ಬಗ್ಗಿ ನೋಡಿ "ಏನ್ ಬ್ರೇಕಲೇ ಇವು!" ಎಂದು ಬಾಯಿ ಬಿಟ್ಟರೆ ಇವನು ಮೀಸೆ ತಿರುವುತ್ತಿದ್ದ. ನನಗೆ ಹೇಸಿಗೆಯಾಗುತ್ತಿತ್ತು.

ಆಗ ನಾನು ಏಳು ತಿಂಗಳ ಬಸುರಿ. ಸೀಮಂತದ ಕುಬಸ ಮುಗಿದ ದಿನ, ಬಾಣಂತನಕ್ಕೆ ಬ್ಯಾಡಗಿಯ ತವರಿಗೆ ಕರೆದೊಯ್ಯಲು ನನ್ನ ಅಪ್ಪ ಬಾಡಿಗೆ ಜೀಪು ತಂದಿದ್ದ. ಆರತಿಯಾಗಿ ಹೊರಗೆ ಬಂದರೆ ಇವನು ತನ್ನ ಕಾರಿನ ಬಾಗಿಲು ತೆರೆದು ನಿಂತಿದ್ದಾನೆ, ಓಣಿಯೆಲ್ಲ ನೋಡಲೆಂದು.

"ಬಾ, ಕುಂದ್ರು. ಹೈವೇದಾಗ ನೂರಾ ಇಪ್ಪತ್ತರ ಮ್ಯಾಲೆ ಹೊಡೀತೇನಿ. ನಿಮ್ಮಪ್ಪನ ಜೀಪು ಮೋಟೆಬೆನ್ನೂರು ಮುಟ್ಟೂದ್ರಾಗ ನಾವು ಬ್ಯಾಡಗ್ಯಾಗ ಇರ್ತೇವಿ."

"ನಾ ಒಲ್ಲೆ."

"ಮಂದಿ ಮುಂದ ನನ್ನ ಮರ್ಯಾದಿ ತಗೀತಿ ಏನ?"

ಅತ್ತೆ ನೀಲಗಂಗವ್ವನಿಗೆ ರೇಗಿತು. "ನನ್ನ ಮಗನ ಗಾಡಿಗೆ ಏನ್ ಧಾಡಿ ಆಗೈತಿ? ನಾನೂ ಬರ್ತೇನಿ, ನಡೀರಿ!" ಎಂದು ಸೀರೆ ಸಾವರಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟಳು.

"ಛಲೋ ಆತು" ಎಂದೆ ಗಂಡನಿಗೆ. "ಮೊದಲ ಅತ್ತೀನ್ನ ಒಬ್ಬಾಕೀನ್ನ ಹೈವೇದಾಗ ಒಂದು ಸುತ್ತು ಹೊಡಿಸಿಕೊಂಡು ಬರ್ರಿ. ಅದ ನೂರಾ ಇಪ್ಪತ್ತರ ಮ್ಯಾಲೆ. ಆಮ್ಯಾಲೆ ನಾ ಕುಂದರ್ತೇನಿ."

ಅವನ ಮುಖ ಕಪ್ಪಿಟ್ಟಿತು. ಕಾರಿನೊಳಗೆ ಕೂತು ಚಾವಿ ಹಾಕಿದ. ತಿರುವಲಿಲ್ಲ. ತಾಯಿಯನ್ನು ಒಮ್ಮೆ ನೋಡಿದ. ಕೊನೆಗೆ ಇಳಿದು, ಆ ಕಡೆಗೆ ಹೋಗಿ ಬಾಗಿಲು ತೆರೆದು ಮೆಲ್ಲಗೆ ಅಂದ:

"ಅವ್ವಾ, ನೀ ಇಳಿ."

"ಯಾಕೋ?"

"ಇಳಿ ಅಂದ್ನೆಲ್ಲ."

ಅವಳ ತೋಳು ಹಿಡಿದು ಜೋಪಾನವಾಗಿ ಇಳಿಸಿಕೊಂಡ. ಈಗಷ್ಟೇ ಅದೇ ಕೈ ನನಗೆ, ನನ್ನ ಹೊಟ್ಟೆಯಲ್ಲಿದ್ದ ತನ್ನ ಕೂಸಿಗೆ, ಬಾಗಿಲು ತೆರೆದು ನಿಂತಿತ್ತು. ನಾನು ಅಪ್ಪನ ಜೀಪು ಹತ್ತಿದೆ.