ತಲೆನೋವು ಯಾವಾಗ ಶುರುವಾಯಿತು

ಪುಸ್ ಪುಸ್ — ಸಿಸ್ಟರ್ ಸುಧಾ ಅಂಗೈಯೊಳಗಿನ ರಬ್ಬರ್ ಉಂಡೆಯನ್ನು ಹಿಸುಕಿದಂತೆಲ್ಲ ಚೆಲುವಮ್ಮನ ಎಡತೋಳಿನ ಪಟ್ಟಿ ಬಿಗಿಯುತ್ತದೆ, ಇನ್ನೂ ಬಿಗಿಯುತ್ತದೆ, ಸಾಕು ಕಣವ್ವ, ಅಷ್ಟೊಂದು ಯಾಕೆ, ಎಂದು ಬಾಯಿಗೆ ಬಂದದ್ದನ್ನು ಜವರಯ್ಯ ನುಂಗಿಕೊಂಡ, ಹೆಂಡತಿಯ ಮೈಯಲ್ಲಿ ಏನೇ ಏರುತ್ತದೆ ಎಂದರೂ ಈಗ ಅವನಿಗೆ ಹೆದರಿಕೆ, ಆಮೇಲೆ ಸುಯ್ಯೆಂದು ಗಾಳಿ ಇಳಿಯಿತು, ಬಿಪಿ ನೂರ ಮೂವತ್ತು, ಚೆನ್ನಾಗೇ ಅದೆ ಯಜಮಾನ್ರೇ, ಅಂದಳು ಸುಧಾ, ತಿಂಗಳಿಗೊಮ್ಮೆ ಕೃಷ್ಣರಾಜನಗರದಿಂದ ಬಸ್ಸಿಳಿದು ನಡೆದು ಬರುವ ಹುಡುಗಿ, ಇವತ್ತು ಹೊಸ ಹಾಳೆಯೊಂದನ್ನು ತಂದಿದ್ದಾಳೆ, ಹೊಸ ಡಾಕ್ಟರು ಎಲ್ಲಾನೂ ಮೊದಲಿಂದ ಬರ್ಕೊಂಡು ಬಾ ಅಂದವ್ರೆ, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು, ಅವ್ವ ಬಿದ್ದ ದಿನ ತಲೆನೋವು ಶುರುವಾಗಿದ್ದು ಎಷ್ಟೊತ್ತಿಗೆ? — ಎಷ್ಟೊತ್ತಿಗೆ. ನಡುಮನೆಯಲ್ಲಿ ಅಕ್ಕಿ ಕೇರುತ್ತಿದ್ದ ಪವಿತ್ರಾಳ ಮೊರದ ಸದ್ದು ನಿಂತಿತು, ಅಥವಾ ನಿಂತ ಹಾಗೆ ಅವನಿಗನ್ನಿಸಿತು, ಒಬ್ಬಳೇ ಮಗಳು, ಮದುವೆ ಅಂದರೆ ಸಾಕು ಎದ್ದು ಹೋಗುವ ಮಗಳು, ನನ್ನ ನೋಡಾಕೆ ಆ ಗಂಡಿನೋರು ಬರದೆ ಇದ್ದಿದ್ರೆ ನಮ್ಮವ್ವ ನೆಟ್ಟಗಿರೋಳು ಕಣಪ್ಪ ಅಂತ ಒಂದೇ ಸಲ ಅಂದಿದ್ದು, ಅಂದು ವರ್ಷವಾಯಿತು, ಅಲ್ಲ ಕಣವ್ವ, ನಿಂದೇನೂ ತಪ್ಪಿಲ್ಲ ಅಂತ ಅವನೂ ಒಂದೇ ಸಲ ಅಂದಿದ್ದ, ಮತ್ತೆ ಯಾರ ತಪ್ಪು ಅಂತ ಅವಳು ಕೇಳಲಿಲ್ಲ, ಕೇಳಿದ್ದರೆ ಏನು ಹೇಳುತ್ತಿದ್ದ.

ಅದಕ್ಕೂ ಹಿಂದಿನಿಂದ ಹೇಳಿದರೆ ಹೇಳಬಹುದು, ಅಲ್ಲಿ ಯಾರ ತಪ್ಪೂ ಇಲ್ಲ, ಎರಡು ಸಾವಿರದ ನಾಲ್ಕರ ಕಾರ್ತಿಕ, ಮುದ್ದೆ ಕಟ್ಟುತ್ತಿದ್ದ ಚೆಲುವಮ್ಮನ ಬಲಗೈ ಇದ್ದಕ್ಕಿದ್ದಂತೆ ಜೋತುಬಿತ್ತು, ಮಾತು ತೊದಲಿತು, ಹತ್ತೇ ನಿಮಿಷಕ್ಕೆ ಎಲ್ಲ ಸರಿಹೋಗಿ, ಏನೂ ಇಲ್ಲ ಬುಡಿ, ಉಣ್ಣಿ, ಅಂದಳು, ಅವನು ಉಣ್ಣಲಿಲ್ಲ, ಆವತ್ತೇ ಮೈಸೂರಿಗೆ ಕರೆದುಕೊಂಡು ಹೋದ — ಆವತ್ತು ಅಷ್ಟು ಹುಷಾರಾಗಿದ್ದವನು ನೀನೇ ಅಲ್ಲವೇನೋ ಜವರ — ಕುತ್ತಿಗೆಯ ಎಡಗಡೆ ಮೆದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡಿದೆ, ಎಳೆಯಷ್ಟು ದಾರಿ ಉಳಿದಿದೆ, ಕೊಯ್ದು ಶುದ್ಧ ಮಾಡಬೇಕು ಎಂದರು, ಮಾಡಿದರು, ಎಚ್ಚರವಾದವಳು ಕಾಫಿ ಕೇಳಿದಳು, ನಾಲ್ಕನೇ ದಿನ ಮನೆಗೆ ಕಳಿಸುವಾಗ ಡಾಕ್ಟರು ಅವನೊಬ್ಬನನ್ನೇ ಬಾಗಿಲ ಬಳಿ ನಿಲ್ಲಿಸಿಕೊಂಡರು, ನೋಡಿ, ಇಷ್ಟು ವರ್ಷ ಅವರ ಮೆದುಳಿನ ಆ ಭಾಗಕ್ಕೆ ರಕ್ತ ಸಣ್ಣಗೆ ಹೋಗುತ್ತಿತ್ತು, ಈಗ ದಾರಿ ತೆರೆದಿದೆ, ಒಮ್ಮೆಗೇ ಜೋರಾಗಿ ಹೋಗುತ್ತೆ, ಒಳಗಿನ ನಾಳಗಳಿಗೆ ಅದನ್ನು ತಡೆಯುವ ಅಭ್ಯಾಸ ತಪ್ಪಿಹೋಗಿದೆ, ಲಕ್ಷಕ್ಕೊಬ್ಬರಿಗೆ ಅಂತ ಅಲ್ಲ, ನೂರಕ್ಕೆ ಒಬ್ಬಿಬ್ಬರಿಗೆ ತೊಂದರೆಯಾಗುತ್ತೆ, ಬಿಪಿ ಏರಬಾರದು, ಮಾತ್ರೆ ತಪ್ಪಬಾರದು, ಆಪರೇಷನ್ ಆದ ಕಡೆಯೇ ತಲೆ ಸಿಡಿಯಿತು ಅಂದರೆ ಸಂಜೆಯವರೆಗೂ ಕಾಯಬೇಡಿ, ತಕ್ಷಣ ಬನ್ನಿ, ನಿಮಗೆ ಅರ್ಥವಾಯಿತಾ? ಅರ್ಥವಾಗದೆ ಏನು, ಮೂವತ್ತು ವರ್ಷ ನಾಲೆಯ ತೂಬು ಕಾದು ಊರ ಗದ್ದೆಗಳಿಗೆಲ್ಲ ನೀರು ಬಿಟ್ಟ ನೀರುಗಂಟಿ ಅವನು, ಬೇಸಗೆಯೆಲ್ಲ ಒಣಗಿ ಬಿರಿದ ಕಾಲುವೆಗೆ ತೂಬನ್ನು ಪೂರ್ತಿ ಎತ್ತಿದರೆ ಏರಿ ಉಳಿಯುವುದಿಲ್ಲ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಗೊತ್ತಾಯ್ತು ಸ್ವಾಮಿ, ಚೆನ್ನಾಗಿ ಗೊತ್ತಾಯ್ತು ಎಂದ — ಗೊತ್ತಾಗಲಿಲ್ಲ ಅಂದುಬಿಟ್ಟಿದ್ದರೆ, ದಡ್ಡನಾಗಿದ್ದರೆ, ಇವತ್ತು ಎಷ್ಟು ಹಗುರವಾಗಿರುತ್ತಿತ್ತು, ಬಸ್ಸಿನಲ್ಲಿ ಚೆಲುವಮ್ಮ ಏನಂದ್ರು ಡಾಕ್ಟ್ರು ಅಂದಾಗ, ಎಲ್ಲಾ ಸರಿಹೋಯ್ತಂತೆ ಕಣೆ ಅಂದ, ಅಷ್ಟೇ ಅಂದ, ಹೆದರಿಸಬಾರದು ಅಂತ, ಅವಳಿಗೇ ಹೇಳಿದ್ದರೆ ಅವಳಾದರೂ ಹಟ ಹಿಡಿಯುತ್ತಿದ್ದಳೋ ಏನೋ.

ಮನೆಗೆ ಬಂದ ಮೂರನೇ ದಿನ, ಹೆಗ್ಗಡದೇವನಕೋಟೆಯ ಬೆಟ್ಟಸ್ವಾಮಿ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬರುವ ದಿನ, ಹುಡುಗ ಯತೀಶ್, ತಾಲ್ಲೂಕು ಕಚೇರಿಯಲ್ಲಿ ಕೆಲಸ, ಎರಡು ಸಲ ಮುಂದಕ್ಕೆ ಹಾಕಿಯಾಗಿತ್ತು, ಧನುರ್ಮಾಸ ಹುಟ್ಟೋದ್ರೊಳಗೆ ಆಗ್ಬೇಕು ನೋಡಿ, ಇಲ್ದಿದ್ರೆ ನಮ್ಗೆ ಬೇರೆ ಕಡೆ ಕೇಳ್ತಾವ್ರೆ ಅಂದಿದ್ದ ಆತ ಫೋನಿನಲ್ಲಿ, ಆಪರೇಷನ್ ವಿಷಯ ಅವರಿಗೆ ಹೇಳಿರಲಿಲ್ಲ, ಹೆಣ್ಣಿನ ತಾಯಿಗೆ ನರದ ಕಾಯಿಲೆ ಅಂದರೆ ನಾಳೆ ಮಗಳಿಗೂ ಬರುತ್ತೆ ಅಂತ ಎದ್ದು ಹೋಗುವ ಜನ, ಕುತ್ತಿಗೆಯ ಹೊಲಿಗೆ ಕಾಣದ ಹಾಗೆ ಸೆರಗು ಹೊದ್ದುಕೊ ಅಂತ ಜವರಯ್ಯ ಹೆಂಡತಿಗೆ ಅಂದಿದ್ದ, ಅಡಿಗೆಗೆ ತಮ್ಮನ ಹೆಂಡತಿ ಚಿಕ್ಕಬೀರಮ್ಮ ಬಂದಿದ್ದಳು, ಅಂಗಳ ಸಾರಿಸಿಯಾಗಿತ್ತು, ಬೆಳಗಿನ ಏಳು ಗಂಟೆ, ಹಿತ್ತಿಲ ಕಲ್ಲಿನ ಮೇಲೆ ಕೂತು ಚೆಲುವಮ್ಮ ವಾಂತಿ ಮಾಡಿಕೊಂಡಳು, ಆಗಷ್ಟೇ ನುಂಗಿದ ಮಾತ್ರೆ ಬಿಳಿಯದಾಗಿ ನೆಲದ ಮೇಲಿತ್ತು, ಅವನು ಅದನ್ನು ನೋಡಿದ, ನೋಡಿದ, ಇದ್ಯಾಕೋ ಎಡಗಡೆ ತಲೆ ಸಿಡೀತದೆ ಕಣ್ರೀ, ಕಣ್ಣೇ ಬುಡಾಕಾಯ್ತಿಲ್ಲ, ಒಂದ್ಗಳಿಗೆ ಆಸ್ಪತ್ರೆಗೆ ಓಗ್ಬರಮಾ? ಡಾಕ್ಟರ ಒಂದೊಂದು ಮಾತೂ ನೆನಪಿಗೆ ಬಂತು, ಬರಲಿಲ್ಲ ಅಂದರೆ ಸುಳ್ಳು, ಅದರ ಜೊತೆಗೇ ಕೋಟೆಯಿಂದ ಹೊರಡುತ್ತಿರಬಹುದಾದ ಅವರ ಜೀಪೂ ಕಣ್ಣಿಗೆ ಬಂತು, ಇವತ್ತೇ ಬರಬೇಕಾ ನಿಂಗೆ ಈ ನೋವು ಅಂತ ಬೈದ, ಹೂಂ, ಬೈದ, ಆಪ್ರೇಸನ್ ಆದೋರ್ಗೆ ನೋಯ್ದೆ ಇದ್ದಾದಾ, ಅವ್ರು ಬಂದೋಗ್ಲಿ, ಸಂಜೆಗೆ ಓಗಮ, ಅಂದ, ಅವಳು ಮುಖ ತೊಳೆದುಕೊಂಡು, ಆಯ್ತು, ಅಂದಳು.

ಮೂರು ಗಂಟೆಗೆ ಅವರು ಒಪ್ಪಿಗೆ ಅಂತ ಹೇಳಿ ಜೀಪು ಹತ್ತಿದರು, ಧೂಳು ಅಡಗುವ ಮೊದಲೇ ಒಳಗೆ ತಟ್ಟೆಗಳು ಬಿದ್ದ ಸದ್ದು, ಚೆಲುವಮ್ಮನ ಬಲಗೈ ಬಲಗಾಲು ಅದುರುತ್ತಿದ್ದವು, ಬಾಯಲ್ಲಿ ನೊರೆ, ಪವಿತ್ರಾ ರೇಷ್ಮೆ ಸೀರೆಯಲ್ಲೇ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿರುಚುತ್ತಿದ್ದಳು, ಟೆಂಪೋ, ಕೃಷ್ಣರಾಜನಗರ, ಅಲ್ಲಿಂದ ಮೈಸೂರು, ಬಿಪಿ ಇನ್ನೂರ ಹದಿನೈದು, ಮೆದುಳಲ್ಲಿ ರಕ್ತನಾಳ ಒಡೆದಿದೆ ಎಂದರು, ಅದೇ ಡಾಕ್ಟರು ಓಡಿಬಂದು ಕೇಳಿದರು, ತಲೆನೋವು ಯಾವಾಗ ಶುರುವಾಯಿತು? ಈಗ ಸ್ವಾಮಿ, ಬೀಳಾಕೆ ಮುಂಚೆ, ಆಗಷ್ಟೇ — ಎಷ್ಟು ಸಲೀಸಾಗಿ ಬಂತು ಮಾತು, ಡಾಕ್ಟರು ತಲೆ ತಗ್ಗಿಸಿಕೊಂಡರು, ಹಾಗಾದರೆ ನಮಗೆ ಸಮಯವೇ ಸಿಗಲಿಲ್ಲ ಅಂದರು, ತಪ್ಪೆಲ್ಲ ತಮ್ಮದೇ ಎಂಬಂತೆ ಅವನ ಭುಜ ಮುಟ್ಟಿದರು, ಆ ಕೈಯ ಬಿಸಿ ಇನ್ನೂ ಭುಜದಲ್ಲಿದೆ, ಊರಲ್ಲೆಲ್ಲ ಆಪರೇಷನ್ ಮಾಡಿ ಕೆಡಿಸಿದರು ಅಂತ ಮಾತಾಡಿದರು, ಅವನು ಅಲ್ಲ ಅನ್ನಲಿಲ್ಲ, ಎರಡು ತಿಂಗಳಾದ ಮೇಲೆ ಅವಳು ಮನೆಗೆ ಬಂದಾಗ ಬಲಗಡೆ ಮೈಗೆ ಸ್ವಾಧೀನ ಇರಲಿಲ್ಲ, ಮಾತೂ ಇರಲಿಲ್ಲ, ಒಂದೇ ಒಂದು ಉಳಿದಿತ್ತು, ಹಸಿವಾಗಿದ್ದರೂ ಅದೇ, ನೋವಾದರೂ ಅದೇ, ಮಗಳನ್ನು ಕರೆಯಲೂ ಅದೇ, ಆಯ್ತು, ಆಯ್ತು, ಸಿಟ್ಟಿನಲ್ಲಿ ಕಣ್ಣೀರು ಸುರಿಸಿಕೊಂಡು ಆಯ್ತು, ಕೋಟೆಯವರು ಮತ್ತೆ ಹೇಳಿ ಕಳಿಸಲಿಲ್ಲ, ಪವಿತ್ರಾ ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಯಜಮಾನ್ರೇ, ಟೈಮು? ಎಂದಳು ಸುಧಾ, ಬಸ್ಸಿಗೆ ಹೊತ್ತಾಯಿತೇನೋ, ಮೂರು ಗಂಟೆ ಅಂದರೆ ಮುಗಿಯಿತು, ಹಿಂದಿನ ಹಾಳೆಯಲ್ಲೂ ಮೂರು ಗಂಟೆ ಅಂತಲೇ ಇದೆ, ಯಾರಿಗೆ ಏನು ನಷ್ಟ, ಮಗಳು ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದಾಳೆ, ಇಪ್ಪತ್ತಾರಕ್ಕೇ ಕಿವಿಯ ಬಳಿ ಒಂದು ಬಿಳಿಕೂದಲು, ಅದು ಯಾವಾಗ ಬಂತು, ಅವಳದಲ್ಲದ ತಪ್ಪನ್ನು ಹೊತ್ತುಕೊಂಡು ಅವಳು ಹೀಗೆಯೇ ಅಕ್ಕಿ ಕೇರುತ್ತಾ — ಬೆಳಿಗ್ಗೆ ಏಳು ಗಂಟೆಗೆ, ಅಂದಿತು ಅವನ ಬಾಯಿ, ಬೆಳಿಗ್ಗೇನೇ ಹೇಳಿದ್ಲು ಕಣವ್ವ, ಆಸ್ಪತ್ರೆಗೆ ಓಗಮ ಅಂದ್ಲು, ಡಾಕ್ಟ್ರು ಮೊದ್ಲೇ ಹೇಳಿದ್ರು, ನಾನೇ, ನಾನೇ ಬ್ಯಾಡ ಅಂದೆ, ಪವಿತ್ರಾ, ನಿಂದಲ್ಲ ಕಣವ್ವ, ನಂದು. ಪೆನ್ನು ನಿಂತಿತು. ಮೊರದಿಂದ ಅಕ್ಕಿ ಸಣ್ಣಗೆ ಸುರಿಯತೊಡಗಿತು, ಮಗಳು ನೋಡುತ್ತಿದ್ದಾಳೆ, ಅವನನ್ನಲ್ಲ, ತಾಯಿಯನ್ನು, ಇನ್ನು ಅವಳು ತನ್ನನ್ನು ನೋಡುವುದೇ ಇಲ್ಲವೇನೋ, ನೋಡದಿರಲಿ, ಅವಳ ಹೊರೆ ಇಳಿಯಿತಲ್ಲ, ಇಳಿಯಿತಾ, ಎಲ್ಲ ಹೇಳಿದೆನಲ್ಲ, ಇಲ್ಲ, ಎಲ್ಲ ಹೇಳಿಲ್ಲ, ಒಂದು ಉಳಿದಿದೆ, ಹೇಳುವಂಥದ್ದಲ್ಲ, ದಿನಾ ತುತ್ತು ಕೈಗೆತ್ತಿಕೊಂಡಾಗ ಬರುವುದು — ಅವತ್ತು ನೋವು ತಡೆಯಲಾರದೆ ಚೆಲುವಮ್ಮ ತಲೆಗೊಂದು ಬಟ್ಟೆಯನ್ನು ಬಿಗಿಯಾಗಿ ಕಟ್ಟಿಕೊಂಡಿದ್ದಳು, ಜೀಪಿನ ಸದ್ದು ಕೇಳಿತು, ಅದ ಬಿಚ್ಚೇ, ಬಂದೋರು ಏನಂದ್ಕಂಡಾರು ಅಂದ, ಅವಳು ಬಿಚ್ಚಿದಳು, ಮಡಿಸಿ ಗೂಡಿನಲ್ಲಿಟ್ಟಳು, ಸೆರಗು ಸರಿಮಾಡಿಕೊಂಡು, ನಗುತ್ತಾ, ಕಾಫಿಯ ತಟ್ಟೆ ಹಿಡಿದು ಬೆಟ್ಟಸ್ವಾಮಿಯ ಮುಂದೆ ಬಾಗಿದಳು, ಹಣೆಯ ಮೇಲೆ ಆ ಬಟ್ಟೆಯ ಗೆರೆ, ಈ ಕಿವಿಯಿಂದ ಆ ಕಿವಿಯವರೆಗೆ, ಕೆಂಪಗೆ, ಆ ಗೆರೆ,