ಇಬ್ಬರೂ ನಮ್ಮವರೇ ಆದರೆ ಓಟು ಯಾರಿಗೆ?

ಚುನಾವಣೆ ಬಂತೆಂದರೆ ನಮ್ಮೂರಲ್ಲಿ ಇದೊಂದು ಫಜೀತಿ. ಉತ್ತರ ಧ್ರುವದ ಹತ್ತಿರದ ನಮ್ಮ ಹಿಮನಾಡು ನುನಾವುಟ್‌ನಲ್ಲಿ ಪಕ್ಷಗಳೇ ಇಲ್ಲ, ನಿಂತವರೆಲ್ಲ ನೆಂಟರೇ. ಈ ಸಲವಂತೂ ಪಕ್ಕದ ಮನೆ ತಗಾಕಜ್ಜನ ತಂಗಿಯ ಮಗ ಜೋನಾಸಿಯೂ ನಿಂತ, ಅಜ್ಜನ ಹೆಂಡತಿಯ ತಮ್ಮ ಇನುಕಿಯೂ ನಿಂತ. ಅಜ್ಜ ಪೇಚಿಗೆ ಬಿದ್ದ. ಮತದಾನದ ದಿನವೇ ಸೀಲ್ ಬೇಟೆಗೆ ಹೋಗುವುದೆಂದು ದೋಣಿ ಸಜ್ಜು ಮಾಡತೊಡಗಿದ.

ಊರ ರೇಡಿಯೋದಲ್ಲಿ ಮಾತಾಡುವವಳು ನಾನು. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಏನಜ್ಜಾ, ಓಟಿನ ದಿನವೇ ಸೀಲ್‌ಗಳು ನಿನ್ನನ್ನ ಕರೆದಿದ್ದಾವಾ?"

"ಸುಮ್ನಿರೇ ಮಾರಾಯ್ತಿ. ಒಬ್ಬನಿಗೆ ಹಾಕಿದ್ರೆ ಇನ್ನೊಬ್ಬನ ಮುಖ ಹೆಂಗೆ ನೋಡ್ಲಿ? ಯಾರಿಗೂ ಹಾಕ್ದಿದ್ರೆ ಇಬ್ರೂ ನನ್ನೋರೇ."

"ಅದು ಗುಟ್ಟಿನ ಓಟು ಅಜ್ಜ. ಪರದೆ ಹಿಂದೆ ನೀನು, ಒಂದು ಪೆನ್ಸಿಲು, ಅಷ್ಟೇ. ನಿನ್ನ ಹೆಂಡ್ತಿಗೂ ಗೊತ್ತಾಗಲ್ಲ."

"ಅವಳಿಗೆ ಗೊತ್ತಾಗದ್ದು ಈ ಊರಲ್ಲಿ ಏನಾದ್ರೂ ಇದೆಯಾ?"

ಅಷ್ಟರಲ್ಲಿ ಅವನ ಮೊಮ್ಮಗಳು ಉಲಾಯುಕ್ ಹೊರಗೆ ಬಂದಳು. ತುಂಬು ಬಸುರಿ. ಅಜ್ಜನ ತೀರಿಹೋದ ತಾಯಿಯ ಹೆಸರನ್ನೇ ಅವಳಿಗೆ ಇಟ್ಟಿದ್ದಾರೆ. ನಮ್ಮಲ್ಲಿ ಹೆಸರು ಬಂದರೆ ಆ ಜೀವವೂ ಬಂದ ಹಾಗೆ. ಅದಕ್ಕೇ ಅಜ್ಜ ಅವಳನ್ನು ಅವ್ವಾ ಎನ್ನುತ್ತಾನೆ, ಅವಳು ಅವನನ್ನು ಮಗನೇ ಎನ್ನುತ್ತಾಳೆ.

"ಮಗನೇ," ಎಂದಳು, "ಇಲ್ಲಿ ಹೆರಿಗೆ ಮಾಡಿಸೋರಿಲ್ಲ ಅಂತ ಬರೋ ವಾರ ನನ್ನನ್ನ ವಿಮಾನ ಹತ್ತಿಸ್ತಾರೆ. ಹೆರಿಗೆ ಆಗೋವರೆಗೂ ಇಕಾಲುಯಿಟ್ ಪಟ್ಟಣದಲ್ಲಿ ಒಬ್ಬಳೇ ಬಿದ್ದಿರ್ಬೇಕು. ನಿನ್ನನ್ನ ನಾನು ಇಲ್ಲೇ ಹೆತ್ತೆ ಅಲ್ವಾ, ಹಿಮದ ಮನೆಯಲ್ಲಿ? ನನ್ನ ಕೂಸು ಯಾಕೆ ಇಲ್ಲಿ ಹುಟ್ಟಬಾರ್ದು? ಊರಿಗೊಬ್ಬಳು ಸೂಲಗಿತ್ತಿ ಬೇಕು ಅಂತ ಆ ವಿಧಾನಸಭೇಲಿ ಕೇಳೋರು ಯಾರು? ನೀನು ಹೋಗಪ್ಪಾ, ಸೀಲ್ ಹೊಡ್ಕೊಂಡು ಬಾ."

ಅಜ್ಜ ದೋಣಿಯ ಹಗ್ಗ ಕೆಳಗಿಟ್ಟ. ಮಾತಾಡಿದ್ದು ಮೊಮ್ಮಗಳೋ, ನಿಜವಾಗಿ ಆ ತಾಯಿಯೋ!

ಅಂದು ಸಂಜೆ ಇಬ್ಬರೂ ಅಭ್ಯರ್ಥಿಗಳು ರೇಡಿಯೋಗೆ ಬಂದರು. ಮೊದಲ ಫೋನು ಅಜ್ಜನದೇ.

"ಇಬ್ರೂ ಕೇಳಿಸ್ಕೊಳ್ಳಿ. ನಮ್ಮೂರ ಹೆಣ್ಮಕ್ಳಿಗೆ ನಮ್ಮೂರಲ್ಲೇ ಹೆರಿಗೆ ಆಗೋಕೆ ಏನು ಮಾಡ್ತೀರಿ?"

ಇನುಕಿ ಕೆಮ್ಮಿದ. "ನೋಡೋಣ ಭಾವ, ಎಲ್ಲಾ ಆಗುತ್ತೆ."

ಜೋನಾಸಿ, "ಗೆದ್ರೆ, ಮುಖ್ಯಮಂತ್ರಿ ಆಗ್ತೀನಿ ಅಂತ ನಿಲ್ಲೋರನ್ನೇ ಕೇಳ್ತೀನಿ ಮಾವ. ಆದ್ರೆ ಈ ಕೂಸಿನ ಹೊತ್ತಿಗೆ ಆಗಲ್ಲ, ಸುಳ್ಳು ಯಾಕೆ ಹೇಳ್ಲಿ?" ಎಂದ.

ಉಲಾಯುಕ್ ವಿಮಾನ ಹತ್ತುವ ಮೊದಲೇ ಮುಂಗಡವಾಗಿ ಓಟು ಹಾಕಿ ಹೋದಳು. ಮತದಾನದ ದಿನ ಅಜ್ಜ ಪರದೆಯ ಹಿಂದಿನಿಂದ ಬಂದವನು, "ಇಷ್ಟೇನಾ? ಯಾರಿಗೆ ಅಂತ ಯಾರೂ ಕೇಳ್ಲೇ ಇಲ್ಲ!" ಎಂದು ಬೆರಗಾಗಿ ನಿಂತ.

ಜೋನಾಸಿ ಗೆದ್ದ. ಮಾರನೆಯ ದಿನ ಅವನೂ ಸೋತ ಇನುಕಿಯೂ ಅಜ್ಜನ ಮನೆಗೆ ಬಂದರು. ನಮ್ಮ ರೂಢಿಯಂತೆ ನೆಲದ ಮೇಲೆ ರಟ್ಟು ಹಾಸಿ, ಹೆಪ್ಪುಗಟ್ಟಿದ ಒಂದೇ ಮೀನನ್ನು ಇಬ್ಬರೂ ಕೊಯ್ದು ತಿಂದರು.

"ಮೊದ್ಲು ಮೀನು ಕೊಯ್ಯೋದು ಕಲಿಯೋ, ಶಾಸಕ ಸಾಹೇಬ!" ಎಂದು ಇನುಕಿ ರೇಗಿಸಿದ. ಅಜ್ಜ ಇಬ್ಬರ ಮುಖವನ್ನೂ ಬಿಟ್ಟಕಣ್ಣು ಬಿಟ್ಟಂತೆ ನೋಡಿದ. ಯಾವ ನೆಂಟಸ್ತಿಕೆಯೂ ಮುರಿದಿರಲಿಲ್ಲ.

ಮುಖ್ಯಮಂತ್ರಿಯನ್ನು ಆರಿಸುವ ದಿನ ನಾವೆಲ್ಲ ಟಿವಿ ಮುಂದೆ ಕೂತೆವು. ಗೆದ್ದವರೆಲ್ಲ ದುಂಡಗೆ ಕೂತಿದ್ದರು. ಮುಖ್ಯಮಂತ್ರಿಯಾಗಲು ಬಯಸುವವರು ಮೊದಲು ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಆಮೇಲೆ ಅವರೇ ಗುಟ್ಟಾಗಿ ಓಟು ಹಾಕಿ ಆರಿಸುತ್ತಾರೆ. ಜೋನಾಸಿ ಎದ್ದು ನಿಂತ. ನಮ್ಮದೇ ಭಾಷೆಯಲ್ಲಿ ಕೇಳಿದ.

"ನಮ್ಮೂರ ಹೆಣ್ಮಕ್ಳು ನಮ್ಮೂರಲ್ಲೇ ಹೆರೋದು ಯಾವಾಗ?"

ಉತ್ತರ ಕೊಡಬೇಕಾದವರು ಅದನ್ನು ಬರೆದುಕೊಂಡರು. ಅಜ್ಜ ಎದ್ದೇ ನಿಂತುಬಿಟ್ಟ. ಆಗಲೇ ಇಕಾಲುಯಿಟ್‌ನಿಂದ ಫೋನು ಬಂತು. ಹಿಂದೆ ಎಳೆಗೂಸು ಅಳುತ್ತಿತ್ತು.

"ಮಗನೇ, ಕೇಳಿದ್ಯಾ?"

"ಕೇಳ್ದೆ ಅವ್ವಾ! ನಮ್ಮನೆ ಅಂಗಳದ ಮಾತು ಅಷ್ಟು ದೊಡ್ಡ ಸಭೆಗೆ ಹೋಯ್ತಲ್ಲೇ!" ಅಜ್ಜ ಫೋನನ್ನು ಕಿವಿಗೆ ಒತ್ತಿಕೊಂಡ. "ಈ ಕೂಸು ಅಲ್ಲಿ ಹುಟ್ತು. ಇದರ ತಂಗಿ ಇಲ್ಲೇ ಹುಟ್ಟಬೇಕು. ಆಗೋವರೆಗೂ ಆ ಜೋನಾಸಿನ ನಾನು ಬಿಡಲ್ಲ."

ಕೇಳುಗರೇ, ನೆಂಟರ ಮನಸ್ಸು ನೋಯುತ್ತದೆಂದು ಓಟಿನ ದಿನ ದೋಣಿ ಹತ್ತಬೇಡಿ. ನಿಂತವರನ್ನು ಎದುರಿಗೇ ಕೇಳಿ, ಆಮೇಲೆ ಪರದೆಯ ಹಿಂದೆ ನಿಮಗೆ ಸರಿಯೆನಿಸಿದವರಿಗೆ ಹಾಕಿ. ಗೆದ್ದವರನ್ನು ಮತ್ತೆ ಕೇಳಿ. ನಿಮ್ಮ ಮನೆಯ ಬಸುರಿಯ ಕಷ್ಟ ನೀವು ಹೇಳದೆ ಯಾವ ಸಭೆಗೂ ತಿಳಿಯುವುದಿಲ್ಲ.